ಗಣಿ ಊರಲ್ಲೊಂದು ಕ್ರಿಸ್‌ಮಸ್: ಲೈಪ್‌ಜಿಗ್‌ನಿಂದ ಎರ್ಟ್ಸ್‌ಗೆಬಿರ್ಗೆ ಬೆಟ್ಟಗಳಿಗೆ

ಜರ್ಮನಿ ಕ್ರಿಸ್‌ಮಸ್ ಅಂದ್ರೆ ಊರಲ್ಲಿರೋರೆಲ್ಲ ಬೀದಿ ತುಂಬಾ ಜನ, ಹಾಡು, ಲೈಟು ಅಂದ್ಕೋತಾರೆ. ಅದೆಲ್ಲ ಇರೋದು 23ರ ತನಕ ಅಷ್ಟೇ. 24ರ ಮಧ್ಯಾಹ್ನ ಎರಡು ಗಂಟೆಗೆ ಅಂಗಡಿಗಳು ಬಾಗಿಲು ಹಾಕ್ತವೆ, ಟ್ರಾಮ್ ಖಾಲಿ, 25 ಮತ್ತೆ 26 ಎರಡೂ ದಿನ ರಜೆ, ಎಲ್ರೂ ಅವರವರ ಅಪ್ಪ ಅಮ್ಮನ ಮನೆ ಸೇರ್ಕೊಂಡಿರ್ತಾರೆ. ಇಲ್ಲಿ ಯಾರೂ ಇಲ್ದೇ ಇರೋ ನಮ್ಮಂಥ ಗಂಡ ಹೆಂಡ್ತಿಗೆ ಆ ಮೂರು ದಿನ ತುಂಬಾ ಉದ್ದ. ಲೈಪ್‌ಜಿಗ್‌ಗೆ ಬಂದ್ಮೇಲೆ ಪ್ರತಿ ಸಲ ಫ್ರಿಜ್ ತುಂಬಿಸ್ಕೊಂಡು ಮನೇಲೇ ಕೂತಿರ್ತಿದ್ವಿ. ಈ ಸಲ ಎಲ್ಲಾದ್ರೂ ಹೋಗೋಣ ಅಂತ ಇವರು ಹೇಳ್ದಾಗ ನಾನು ಒಂದೇ ಊರಿನ ಹೆಸರು ಹೇಳಿದ್ದು, ಅನ್ನಾಬೆರ್ಗ್. ಜೆಕ್ ಬಾರ್ಡರ್ ಪಕ್ಕದ ಎರ್ಟ್ಸ್‌ಗೆಬಿರ್ಗೆ ಬೆಟ್ಟಗಳಲ್ಲಿದೆ, 500 ವರ್ಷದಿಂದ ಗಣಿ ಊರು, ಈಗ ಗಣಿ ಮುಚ್ಚಿದೆ. ನಮ್ಮಮ್ಮ ಹುಟ್ಟಿದ್ದು ಕೆಜಿಎಫ್‌ನ ಲೈನ್ ಮನೇಲಿ, ತಾತ ಅಲ್ಲಿನ ಚಾಂಪಿಯನ್ ರೀಫ್ ಗಣೀಲಿ ಅಂಡರ್‌ಗ್ರೌಂಡ್ ಕೆಲಸ ಮಾಡಿದೋರು. ಗಣಿಯವರ ಕ್ರಿಸ್‌ಮಸ್ ಅಂತ ಕೇಳಿದ್ರೆ ನನಗೆ ಸುಮ್ನೆ ಕೂರೋಕಾಗಲ್ಲ.

ಶನಿವಾರ, ಡ್ರೆಸ್ಡೆನ್

ಲೈಪ್‌ಜಿಗ್‌ನಿಂದ ರೀಜನಲ್ ಟ್ರೈನ್, ಡಾಯ್ಚ್‌ಲಾಂಡ್ ಟಿಕೆಟ್ ಅನ್ನೋ ತಿಂಗಳ ಪಾಸ್ ಇದ್ರೆ ಬೇರೆ ಖರ್ಚಿಲ್ಲ, ಆದ್ರೆ ಐಸಿಇ ಅನ್ನೋ ಫಾಸ್ಟ್ ಟ್ರೈನ್‌ಗೆ ಆ ಟಿಕೆಟ್ ನಡೆಯಲ್ಲ, ನೋಡ್ಕೊಂಡು ಹತ್ತಬೇಕು. ಡ್ರೆಸ್ಡೆನ್‌ನಲ್ಲಿ ಒಂದು ರಾತ್ರಿ ಇದ್ದು ಬೆಳಿಗ್ಗೆ ಬಾಡಿಗೆ ಕಾರು ತಗೊಳ್ಳೋದು ಅಂತ ಪ್ಲಾನ್.

ಅಲ್ಲಿನ ಸ್ಟ್ರೀಟ್ಸೆಲ್‌ಮಾರ್ಕ್ಟ್ 1434ರಿಂದ ನಡ್ಕೊಂಡು ಬಂದಿರೋ ಸಂತೆ. ಶನಿವಾರ ಸಂಜೆ ಕಾಲಿಡೋಕೂ ಜಾಗ ಇರ್ಲಿಲ್ಲ, ಜನ ತಳ್ಳಿದ ಕಡೆ ನಾವೂ ಹೋದ್ವಿ. ಮಧ್ಯದಲ್ಲಿ 14 ಮೀಟರ್‌ಗಿಂತ ಎತ್ತರದ ಮರದ ಪಿರಮಿಡ್, ಅಂತಸ್ತು ಅಂತಸ್ತಾಗಿ ಗೊಂಬೆಗಳು ತಿರುಗ್ತಿರ್ತವೆ. ಗ್ಲ್ಯೂವೈನ್ (ಮಸಾಲೆ ಹಾಕಿದ ಬಿಸಿ ವೈನ್) ತಗೊಂಡ್ರೆ ಕಪ್‌ಗೂ ಡಿಪಾಸಿಟ್ ಕಟ್ಟಿಸ್ಕೋತಾರೆ, ವಾಪಸ್ ಕೊಟ್ರೆ ದುಡ್ಡು ಬರತ್ತೆ, ಚಿಲ್ಲರೆ ಇಟ್ಕೊಂಡಿದ್ರೆ ಒಳ್ಳೇದು.

ಸ್ಟೊಲ್ಲೆನ್ ಅನ್ನೋ ಕ್ರಿಸ್‌ಮಸ್ ಬ್ರೆಡ್ ಮಾತ್ರ ಇಲ್ಲೇ ತಿನ್ನಬೇಕು. ಒಣದ್ರಾಕ್ಷಿ, ಬಾದಾಮಿ, ಬೆಣ್ಣೆ ತುಂಬಿ ಮೇಲೆ ದಪ್ಪಗೆ ಸಕ್ಕರೆ ಪುಡಿ. ಮೊದ್ಲು ಇದು ಉಪವಾಸದ ಕಾಲದ ಸಪ್ಪೆ ಬ್ರೆಡ್ ಆಗಿತ್ತಂತೆ, ಆಗ ಬೆಣ್ಣೆ ಹಾಕೋ ಹಾಗೇ ಇರ್ಲಿಲ್ಲ, 1491ರಲ್ಲಿ ಪೋಪ್ ಕಾಗದ ಬರೆದು ಪರ್ಮಿಷನ್ ಕೊಟ್ಮೇಲೆ ಬೆಣ್ಣೆ ಬಂತು. ಮಾರ್ತಿದ್ದ ಹೆಂಗಸು ಒಂದು ತುಂಡು ಕುಯ್ದು ಕೊಟ್ಟು, ಮನೆಗೆ ತಗೊಂಡು ಹೋಗೋದಾದ್ರೆ ಫ್ರಿಜ್‌ಗೆ ಇಡ್ಬೇಡಿ, ತಂಪಾಗಿರೋ ಕತ್ತಲೆ ಮೂಲೇಲಿ ಇಡಿ, ಮಧ್ಯದಿಂದ ಕುಯ್ದು ಎರಡೂ ಭಾಗ ಒತ್ತಿ ಇಡಿ, ಒಣಗಲ್ಲ ಅಂದ್ರು. ಈಗ ನಮ್ಮನೇಲಿ ಹಾಗೇ ಇಟ್ಟಿದೀವಿ.

ರಾತ್ರಿ ಫ್ರೌಯೆನ್‌ಕಿರ್ಶೆ ಮುಂದೆ ನಿಂತಿದ್ವಿ. 1945ರ ಫೆಬ್ರವರಿ ಬಾಂಬಿಂಗ್‌ನಲ್ಲಿ ಸುಟ್ಟು ಕುಸಿದು, ಎಷ್ಟೋ ವರ್ಷ ಬರೀ ಕಲ್ಲಿನ ರಾಶಿಯಾಗಿದ್ದ ಚರ್ಚು, 2005ರಲ್ಲಿ ಮತ್ತೆ ತೆರೆದ್ರು. ಹಳೇ ಕಲ್ಲುಗಳು ಕಪ್ಪು, ಹೊಸವು ತಿಳಿ ಬಣ್ಣ, ಗೋಡೆ ಮೇಲೆ ಯಾವುದು ಎಲ್ಲಿಂದ ಬಂತು ಅಂತ ಬರಿಗಣ್ಣಿಗೇ ಗೊತ್ತಾಗತ್ತೆ.

ಭಾನುವಾರ, ಅನ್ನಾಬೆರ್ಗ್

ನಾಲ್ಕನೇ ಅಡ್ವೆಂಟ್ ಭಾನುವಾರ, ಅಂದ್ರೆ ಕ್ರಿಸ್‌ಮಸ್‌ಗೆ ಮುಂಚಿನ ಕೊನೇ ಭಾನುವಾರ, ಅನ್ನಾಬೆರ್ಗ್‌ನಲ್ಲಿ ಗಣಿಯವರ ದೊಡ್ಡ ಮೆರವಣಿಗೆ, ಆ ವರ್ಷದ ಕೊನೇದು. ಅದನ್ನ ಲೆಕ್ಕ ಹಾಕಿಯೇ ಹೊರಟಿದ್ದು. ಮಧ್ಯಾಹ್ನದ ಹೊತ್ತಿಗೆ ಊರೊಳಗೆ ಕಾರು ಬಿಡಲ್ಲ, ಕೆಳಗೆ ನಿಲ್ಸಿ ಹತ್ತಬೇಕು, ಕಲ್ಲು ಹಾಸಿದ ಕಡಿದಾದ ಬೀದಿ, ಬೂಟಿನ ಸೋಲ್ ಚೆನ್ನಾಗಿಲ್ಲ ಅಂದ್ರೆ ಜಾರೋದೇ.

ಬೇರೆ ಬೇರೆ ಊರುಗಳ ಗಣಿ ಸಂಘದೋರು ಅವರವರ ಹಳೇ ಯೂನಿಫಾರ್ಮ್‌ನಲ್ಲಿ ಸಾಲಾಗಿ ಬಂದ್ರು. ಕರೀ ಕೋಟು, ಬಿಳೀ ಪ್ಯಾಂಟು, ಎತ್ತರದ ಟೋಪಿ, ಕೈಯಲ್ಲಿ ಎಣ್ಣೆ ದೀಪ. ಸೊಂಟದ ಹಿಂದೆ ಅರ್ಧ ವೃತ್ತಾಕಾರದ ಚರ್ಮದ ತುಂಡು ಕಟ್ಕೊಂಡಿದ್ರು. ಪಕ್ಕದಲ್ಲಿ ನಿಂತಿದ್ದ ಅಜ್ಜನ್ನ ಅದೇನು ಅಂತ ಕೇಳ್ದೆ. ಒದ್ದೆ ಕಲ್ಲಿನ ಮೇಲೆ ಕೂತು ಕೆಲ್ಸ ಮಾಡೋಕೆ, ಇಳಿಜಾರಲ್ಲಿ ಜಾರ್ಕೊಂಡು ಹೋಗೋಕೆ ಅಂದ್ರು. ನಡೀತಿದ್ದೋರಲ್ಲಿ ಎಪ್ಪತ್ತು ದಾಟಿದೋರೂ ಇದ್ರು, ಹತ್ತು ವರ್ಷದ ಹುಡುಗ್ರೂ ಇದ್ರು, ಆ ಹುಡುಗ್ರು ಹುಟ್ಟೋಕೆ ಎಷ್ಟೋ ಮುಂಚೆ ಇಲ್ಲಿ ಗಣಿ ನಿಂತಿದೆ, ಆದ್ರೂ ಹೆಜ್ಜೆ ತಪ್ಪದೆ ನಡೀತಿದ್ರು. ಕೊನೇಲಿ ಎಲ್ಲಾ ಬ್ಯಾಂಡ್‌ಗಳೂ ಒಟ್ಟಿಗೆ ನಿಂತು ನುಡಿಸಿದ್ವು, ಆ ಹಿತ್ತಾಳೆ ವಾದ್ಯಗಳ ಸದ್ದು ಎದೆ ಒಳಗೇ ಹೋಗತ್ತೆ. ನಾನು ಅಳ್ತಿದೀನಿ ಅಂತ ಇವರು ಹೇಳೋ ತನಕ ನನಗೇ ಗೊತ್ತಿರ್ಲಿಲ್ಲ.

ಆಮೇಲೆ ಸೇಂಟ್ ಆನ್ ಚರ್ಚ್ ಒಳಗೆ ಹೋದ್ವಿ. ಇಲ್ಲಿಗೆ ಬರೋರು ಆಲ್ಟರ್ (ಪೂಜೆಯ ಪೀಠ) ಮುಂದೆ ನಿಂತು ವಾಪಸ್ ಹೋಗ್ಬೇಡಿ, ದಯವಿಟ್ಟು ಗಣಿ ಆಲ್ಟರ್‌ನ ಹಿಂದಕ್ಕೆ ಹೋಗಿ ನೋಡಿ. 1521ರಲ್ಲಿ ಹಾನ್ಸ್ ಹೆಸ್ಸೆ ಅನ್ನೋ ಚಿತ್ರಕಾರ ಅಲ್ಲಿ ಗಣಿ ಕೆಲಸವನ್ನೇ ಬರೆದಿದಾನೆ. ಬೆಟ್ಟ ಅಗೆಯೋರು, ರಾಟೆ ತಿರುಗಿಸಿ ಅದಿರು ಎತ್ತೋರು, ಅದನ್ನ ತೊಳೆಯೋ ಹೆಂಗಸ್ರು, ಕರಗಿಸೋರು, ಕಾಸು ಹೊಡೆಯೋರು. ದೇವರ ಹಿಂದೆ ಕೂಲಿ ಜನ! ಈ ಚರ್ಚು, ಈ ಊರು ಎಲ್ಲಾ ಎದ್ದಿದ್ದೇ 1490ರ ಸುಮಾರಿಗೆ ಇಲ್ಲಿ ಬೆಳ್ಳಿ ಸಿಕ್ಕಿದ್ದಕ್ಕೆ, ಆದ್ರೆ ಅಗೆದೋರ ಮುಖ ಅಲ್ಲಿ ಇರೋದು ದೊಡ್ಡ ವಿಷಯ. ನಮ್ಮ ಕೆಜಿಎಫ್‌ನಲ್ಲಿ 120 ವರ್ಷ ಚಿನ್ನ ತೆಗೆದ್ರು, 3 ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದ್ರು, ತಾತನಂಥೋರ ಚಿತ್ರ ಯಾವ ಗೋಡೆ ಮೇಲಿದೆ ಅಂತ ಯೋಚಿಸ್ತಾ ತುಂಬಾ ಹೊತ್ತು ಅಲ್ಲೇ ನಿಂತಿದ್ದೆ.

ಸೋಮವಾರ, ಜೈಫನ್

ನಾವು ಉಳ್ಕೊಂಡಿದ್ದು ಅನ್ನಾಬೆರ್ಗ್ ಪಕ್ಕದ ಹಳ್ಳೀಲಿ, ಒಂದು ಮನೆಯ ಮೇಲ್ಮಹಡಿ. ಅಲ್ಲಿಂದ ಮರದ ಗೊಂಬೆಗಳ ಊರು ಜೈಫನ್‌ಗೆ ಮಾರಿಯೆನ್‌ಬೆರ್ಗ್, ಓಲ್ಬೆರ್ನ್‌ಹೌ ಮೇಲೆ ಒಂದು ಗಂಟೆ ಮೀರಿದ ದಾರಿ. ಬೆಳಿಗ್ಗೆ ಮೈನಸ್ ಆರು, ಮಂಜು ಅಂದ್ರೆ ಎದುರಿನ ಗಾಡಿಯ ಕೆಂಪು ಲೈಟ್ ಬಿಟ್ರೆ ಏನೂ ಕಾಣ್ತಿರ್ಲಿಲ್ಲ. ರಸ್ತೆಗೆ ಉಪ್ಪು ಹಾಕಿರ್ತಾರಲ್ಲ, ಅದು ಕರಗಿ ಗಾಜಿಗೆ ಎರಚಿ ಬೆಳ್ಳಗೆ ಪೊರೆ ಕಟ್ತು, ನೀರು ಚಿಮ್ಮಿಸೋಣ ಅಂದ್ರೆ ನೀರೇ ಗಟ್ಟಿಯಾಗಿದೆ. ಕಾರು ಕೊಟ್ಟೋರು ಚಳಿಗಾಲದ ಟೈರ್ ಹಾಕಿದ್ರು, ವಾಷರ್ ನೀರು ಮಾತ್ರ ಬೇಸಿಗೇದು. ಇವರು ಕಿಟಕಿ ಇಳಿಸಿ ತಲೆ ಹೊರಗೆ ಹಾಕಿ ಹತ್ತು ಕಿಲೋಮೀಟರ್ ಸ್ಪೀಡಲ್ಲಿ ಓಡಿಸಿ, ಒಂದು ಹಳ್ಳೀಲಿ ಮೊದ್ಲ ಮನೆ ಮುಂದೆ ನಿಲ್ಸಿದ್ರು.

ಅಲ್ಲಿ ಸೌದೆ ಒಡೀತಿದ್ದ ಯಜಮಾನ್ರು ನಮ್ಮನ್ನ ನೋಡಿದ್ದೇ ಏನೂ ಕೇಳದೆ ಒಳಗೋಗಿ ಒಂದು ಕ್ಯಾನ್ ತಂದ್ರು, ನೀಲಿ ಬಣ್ಣದ ಹೆಪ್ಪುಗಟ್ಟದ ಲಿಕ್ವಿಡ್, ಜೊತೆಗೆ ಬಿಸಿನೀರಿನ ಬಾಟ್ಲು. ಬಾನೆಟ್ ಎತ್ತಿಸಿ ಅವರೇ ಕೂತು ಸರಿ ಮಾಡಿದ್ರು. ದುಡ್ಡು ಕೊಡೋಕೆ ಹೋದ್ರೆ ಎರಡೂ ಕೈ ಜೇಬಲ್ಲಿಟ್ಕೊಂಡ್ರು. ಡಿಸೆಂಬರ್‌ನಲ್ಲಿ ಬಾಡಿಗೆ ಕಾರು ತಗೊಳ್ಳೋರು ಕೀ ಈಸ್ಕೊಳ್ಳೋಕೆ ಮುಂಚೆ ಈ ಲಿಕ್ವಿಡ್ ಹಾಕಿದಾರಾ ಅಂತ ಕೇಳಿ, ಪೆಟ್ರೋಲ್ ಬಂಕಲ್ಲೂ ಸಿಗತ್ತೆ. ಹೊರಡುವಾಗ ಅವರು "ಗ್ಲ್ಯುಕ್ ಔಫ್" ಅಂದ್ರು, ಗಣಿಗೆ ಇಳಿಯೋರು ಒಬ್ಬರಿಗೊಬ್ರು ಹೇಳ್ತಿದ್ದ ನಮಸ್ಕಾರ, ಈ ಕಡೆ ಈಗ್ಲೂ ಅಂಗಡೀಲಿ, ಬಸ್ಸಲ್ಲಿ ಎಲ್ಲಾ ಕಡೆ ಅದೇ.

ಜೈಫನ್‌ನಲ್ಲಿ ಅಡ್ವೆಂಟ್ ಸಂತೆ ಎತ್ತಿಬಿಟ್ಟಿದ್ರು, ನಮಗೆ ಅದೇ ಒಳ್ಳೇದಾಯ್ತು, ಅಂಗಡಿ, ವರ್ಕ್‌ಶಾಪ್ ತೆರೆದಿದ್ವು, ಜನ ಕಮ್ಮಿ. ಇಲ್ಲಿ ಮೊದ್ಲು ತವರ ತೆಗೀತಿದ್ರು. ಅದಿರು ಕಮ್ಮಿಯಾಗ್ತಾ ಬಂದಾಗ ಗಣಿಯವರು ಲೇತ್ ಹಿಡಿದ್ರು, ಕೈಗೆ ಸಿಗ್ತಿದ್ದಿದ್ದು ಕಾಡಿನ ಮರ ಒಂದೇ. ಒಂದು ವರ್ಕ್‌ಶಾಪ್‌ನಲ್ಲಿ ಒಬ್ಬರು ಹಸಿ ಸ್ಪ್ರೂಸ್ ಮರದ ದುಂಡು ಬಿಲ್ಲೇನ ಲೇತ್‌ಗೆ ಹಾಕಿ ಉಳಿ ಹಿಡಿದ್ರು, ನೀರು ಚಿಮ್ತಿದೆ, ಉಂಗುರದ ತರ ಏನೋ ಒಂದು ಆಕಾರ ಬಂತು, ಏನು ಅಂತ ಒಂಚೂರೂ ಗೊತ್ತಾಗಲ್ಲ. ಆಮೇಲೆ ಆ ಉಂಗುರಾನ ಚಾಕು ಇಟ್ಟು ಹೋಳು ಹೋಳಾಗಿ ಸೀಳಿದ್ರೆ ಒಂದೊಂದು ಹೋಳೂ ಒಂದೊಂದು ಕುದುರೆ! ಕಾಲು, ಹೊಟ್ಟೆ, ಕುತ್ತಿಗೆ ಎಲ್ಲಾ ಇದೆ. ತಿರುಗೋ ಮರದೊಳಗೆ ಕುದುರೆಯ ಆಕಾರಾನ ಅಡ್ಡಲಾಗಿ ನೆನಪಲ್ಲಿಟ್ಕೊಂಡು ಕೆತ್ತಬೇಕು, ಕಣ್ಣಿಗೆ ಕಾಣಲ್ಲ, ಕೈಗೆ ಗೊತ್ತಿರಬೇಕು. ಇವರು ಮಂಡ್ಯದೋರು, ಚಿಕ್ಕಂದಿನಿಂದ ಮೈಸೂರು ರೋಡಲ್ಲಿ ಚನ್ನಪಟ್ಟಣದ ಗೊಂಬೆ ನೋಡ್ಕೊಂಡು ಬೆಳೆದೋರು, ಅಲ್ಲೂ ಲೇತ್ ಮೇಲೇ ಆಲೆ ಮರ ತಿರುಗಿಸಿ, ತಿರುಗ್ತಿರುವಾಗ್ಲೇ ಅರಗಿನ ಬಣ್ಣ ಒತ್ತೋದು. ಫೋನಲ್ಲಿ ಆ ವಿಡಿಯೋ ಹುಡುಕಿ ತೋರಿಸಿದ್ರು. ಆ ಕುಶಲಕರ್ಮಿ ಲೇತ್ ಆಫ್ ಮಾಡಿ, ಕನ್ನಡಕ ಹಾಕ್ಕೊಂಡು ಕೊನೇ ತನಕ ನೋಡಿ, ಇನ್ನೊಂದ್ ಸಲ ಹಾಕಿ ಅಂದ್ರು. ಆಮೇಲೆ ಬಣ್ಣ ಯಾವುದರಿಂದ ಮಾಡ್ತಾರೆ, ಮರ ಎಷ್ಟು ದಿನ ಒಣಗಿಸ್ತಾರೆ ಅಂತ ಒಂದೇ ಸಮ ಪ್ರಶ್ನೆ, ನಮಗೆ ಗೊತ್ತಿದ್ದಷ್ಟು ಹೇಳಿದ್ವಿ.

ಈ ಕಡೆ ಕಿಟಕೀಲಿ ಮರದ ಏಂಜೆಲ್ ಮತ್ತೆ ಗಣಿಗಾರ ನಿಂತಿರ್ತಾರೆ, ಇಬ್ರ ಕೈಯಲ್ಲೂ ಮೇಣದ ಬತ್ತಿ. ಮನೇಲಿ ಎಷ್ಟು ಹೆಣ್ಣುಮಕ್ಕಳೋ ಅಷ್ಟು ಏಂಜೆಲ್, ಎಷ್ಟು ಗಂಡುಮಕ್ಕಳೋ ಅಷ್ಟು ಗಣಿಗಾರರು, ಬೀದೀಲಿ ಹೋಗೋರಿಗೆ ಮನೆ ಲೆಕ್ಕ ಗೊತ್ತಾಗಿಬಿಡತ್ತೆ. ಕೈಯಲ್ಲಿ ಮಾಡಿದ್ದಕ್ಕೆ ಬೆಲೆ ಜಾಸ್ತಿ, ಒಂದು ಜೊತೆ ತಗೊಂಡ್ವಿ. "ಮನೇಲಿ ಗಣಿ ವಂಶ ನಾನು, ಗಣಿಗಾರ ನನಗೆ, ಏಂಜೆಲ್ ನಿಮಗೆ ರೀ" ಅಂದೆ. "ಆಯ್ತು ಕಣೇ, ಹಾಗೇ ಇಡೋಣ" ಅಂದ್ರು.

ಮಂಗಳವಾರ, ಗಣಿ ಒಳಗೆ

ಎಹ್ರೆನ್‌ಫ್ರೀಡರ್ಸ್‌ಡೋರ್ಫ್ ಅಂತ ಪಕ್ಕದಲ್ಲೇ ಒಂದು ಊರು, ಅಲ್ಲಿನ ತವರದ ಗಣಿ 1990ರಲ್ಲಿ ಮುಚ್ತು, ಈಗ ಪ್ರವಾಸಿಗಳನ್ನ ಕೇಜ್ ಅನ್ನೋ ಗಣಿ ಲಿಫ್ಟ್‌ನಲ್ಲಿ 100 ಮೀಟರ್ ಕೆಳಗೆ ಇಳಿಸ್ತಾರೆ. ಕಬ್ಬಿಣದ ಬಾಗಿಲು ಎಳೆದು, ಗಂಟೆ ಹೊಡೆದು, ಕಾಲ ಕೆಳಗಿನ ನೆಲ ಜಗ್ ಅಂತ ಜಾರ್ದಾಗ ನಾನು ಇವರ ತೋಳು ಗಟ್ಟಿಯಾಗಿ ಹಿಡ್ಕೊಂಡೆ. ತಾತ ದಿನಾ ಹೀಗೇ ಹೋಗಿದ್ದು, ಇದರ ಹತ್ತಿಪ್ಪತ್ತು ಪಟ್ಟು ಆಳಕ್ಕೆ.

ಕರ್ಕೊಂಡು ಹೋದ ಗೈಡ್ ಅದೇ ಗಣೀಲಿ ಕೆಲಸ ಮಾಡಿದೋರು. ಒಳಗೆ ಚಳಿ, ವರ್ಷ ಪೂರ್ತಿ ಹತ್ತು ಡಿಗ್ರಿ ಮುಟ್ಟಲ್ವಂತೆ, ಜಾಕೆಟ್ ಬೇಕೇ ಬೇಕು. ನಾನು ನಮ್ಮೂರ ಚಿನ್ನದ ಗಣೀಲಿ ತೀರಾ ಆಳದಲ್ಲಿ ಬಂಡೆಯೇ 60 ಡಿಗ್ರಿಗಿಂತ ಜಾಸ್ತಿ ಬಿಸಿ ಇತ್ತು, ಮೇಲಿಂದ ತಣ್ಣನೆ ಗಾಳಿ ತಳ್ಳಬೇಕಿತ್ತು, ಒತ್ತಡಕ್ಕೆ ಬಂಡೆ ಇದ್ದಕ್ಕಿದ್ದಂಗೆ ಸಿಡಿದು ಜನ ಸಾಯ್ತಿದ್ರು ಅಂದೆ. ಎಷ್ಟು ಆಳ ಅಂದ್ರು. 3200 ಮೀಟರ್ ಅಂದೆ. ಅವರು ಗುಂಪಿನ ಉಳಿದೋರ್ನೆಲ್ಲ ನಿಲ್ಸಿ ಅದನ್ನ ಜೋರಾಗಿ ಇನ್ನೊಂದ್ ಸಲ ಹೇಳಿಸಿದ್ರು. ಆಮೇಲೆ ನಿಮ್ಮ ಗಣಿ ಯಾವಾಗ ಮುಚ್ಚಿತು ಅಂತ ಕೇಳಿದ್ರು, 2001, ಫೆಬ್ರವರಿ 28. ನಮ್ಮನೇಲಿ ಈ ತಾರೀಕು ಎಲ್ಲರ ಬಾಯಲ್ಲೂ ಇದೆ. ಮುಚ್ಚಿದ ಮೇಲೆ ಜನ ಏನು ಮಾಡಿದ್ರು? ದಿನಾ ಬೆಳಿಗ್ಗೆ ಟ್ರೈನ್ ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬರ್ತಾರೆ ಅಂದೆ. ಇಲ್ಲೂ ಹಾಗೇ ಆಯ್ತು, ಮಕ್ಕಳೆಲ್ಲ ಪಶ್ಚಿಮ ಜರ್ಮನಿಗೆ ಹೋದ್ರು, ನನ್ನ ಮಗಳು ಸ್ಟುಟ್‌ಗಾರ್ಟ್‌ನಲ್ಲಿ, ಇವತ್ತು ರಾತ್ರಿ ಬರ್ತಾಳೆ ಅಂದ್ರು.

ಹಿಂದೆ ಕ್ರಿಸ್‌ಮಸ್ ಹಿಂದಿನ ಶಿಫ್ಟ್ ಅನ್ನ ಬೇಗ ಮುಗಿಸಿ, ಎಲ್ರೂ ಒಂದು ಕಡೆ ಕೂತು ಪ್ರಾರ್ಥನೆ ಮಾಡಿ, ಆ ವರ್ಷ ಜೀವ ಉಳಿದಿದ್ದಕ್ಕೆ ದೇವರಿಗೆ ಕೈ ಮುಗಿದು, ಬಿಸಿ ಸಾಸೇಜ್ ತಿಂದು ಮೇಲೆ ಬರ್ತಿದ್ರಂತೆ. ಈಗ್ಲೂ ಹಳೇ ಗಣಿಗಳಲ್ಲಿ ಡಿಸೆಂಬರ್ ಪೂರ್ತಿ ಆ ಶಿಫ್ಟ್ ಅನ್ನ ಪ್ರವಾಸಿಗಳಿಗೆ ನಡೆಸ್ತಾರೆ, ಟಿಕೆಟ್ ತಿಂಗಳುಗಟ್ಟಲೆ ಮುಂಚೆ ಖಾಲಿ, ನಮಗೂ ಸಿಗ್ಲಿಲ್ಲ, ಹೋಗೋರು ಬೇಸಿಗೇಲೇ ಬುಕ್ ಮಾಡಿ. ಕಿಟಕಿಗಳಲ್ಲಿ ಕಮಾನಿನ ಆಕಾರದ ದೀಪ ಇಡ್ತಾರಲ್ಲ, ಶ್ವಿಬ್‌ಬೋಗೆನ್, ಅದು ಯಾಕೆ ಅಂತಾನೂ ಆ ಗೈಡೇ ಹೇಳಿದ್ದು. ಚಳಿಗಾಲದಲ್ಲಿ ಗಣಿಯವರು ಸೂರ್ಯ ಹುಟ್ಟೋ ಮುಂಚೆ ಇಳಿದು ಮುಳುಗಿದ ಮೇಲೆ ಹತ್ತುತ್ತಿದ್ರು, ವಾರಗಟ್ಟಲೆ ಬೆಳಕೇ ನೋಡ್ತಿರ್ಲಿಲ್ಲ, ಅವರು ನಡ್ಕೊಂಡು ಬರೋ ದಾರಿಗೆ ಮನೆಯೋರು ಬೆಳಕು ಇಡ್ತಿದ್ರು.

24, ಒಂಬತ್ತು ಬಗೆ ಊಟ

ಈ ದಿನ ಊಟ ಏನು ಮಾಡೋದು ಅಂತ ನಮಗೆ ಚಿಂತೆ ಇತ್ತು, ಹೋಟೆಲ್‌ಗಳು ಮುಚ್ಚಿರ್ತವೆ ಅಥವಾ ಯಾವಾಗ್ಲೋ ಬುಕ್ ಆಗಿರ್ತವೆ, ಅದಕ್ಕೆ ನಾನು ಪುಳಿಯೋಗರೆ ಗೊಜ್ಜು, ಅಕ್ಕಿ ತಂದಿದ್ದೆ. ಬೆಳಿಗ್ಗೆ ಮನೆ ಓನರಮ್ಮ ಮೇಲೆ ಬಂದು, ಸಂಜೆ ಆರಕ್ಕೆ ಕೆಳಗೆ ಬನ್ನಿ, ನಮ್ಮನೇಲಿ ಯಾವಾಗ್ಲೂ ಒಂದು ತಟ್ಟೆ ಜಾಸ್ತಿ ಇಡ್ತೀವಿ, ಬಾಗಿಲಿಗೆ ಯಾರಾದ್ರೂ ಬಂದ್ರೆ ಅಂತ, ಈ ಸಲ ಎರಡು ಇಡ್ತೀನಿ ಅಂದ್ರು. ಕರೆದ ರೀತಿಗೇ ನನಗೆ ಮಾತು ಹೊರಡ್ಲಿಲ್ಲ. ಅಕ್ಕಿ ನೆನೆಸೋಕೆ ಓಡಿದೆ.

ನಾಲ್ಕು ಗಂಟೆಗೆ ಚರ್ಚಲ್ಲಿ ಮಕ್ಕಳ ನಾಟಕ, ಕುರುಬರು, ಮೇರಿ, ಜೋಸೆಫ್. ಹೊರಗೆ ಬಂದಾಗ ಕತ್ತಲಾಗಿತ್ತು, ಹಳ್ಳಿಯ ಒಂದೊಂದು ಕಿಟಕಿಯಲ್ಲೂ ಕಮಾನು ದೀಪ, ಖಾಲಿ ಮನೆ ಕಿಟಕಿಗೂ ಪಕ್ಕದ ಮನೆಯೋರು ಇಟ್ಟಿದಾರೆ.

ಊಟಕ್ಕೆ ಓನರಮ್ಮ, ಅವರ ಗಂಡ, ಮ್ಯೂನಿಕ್‌ನಿಂದ ಬಂದ ಮಗ, ನಾವಿಬ್ರು. ಈ ಊಟಕ್ಕೆ ನೊಯ್ನರ್‌ಲಾಯ್ ಅಂತಾರೆ, ಒಂಬತ್ತು ಬಗೆ ಇರಲೇಬೇಕು, ಯಾವ ಒಂಬತ್ತು ಅನ್ನೋದು ಮನೆಯಿಂದ ಮನೆಗೆ ಬೇರೆ. ಒಂದೊಂದನ್ನ ಬಡಿಸ್ತಾ ಓನರಮ್ಮ ಒಂದೊಂದು ಮಾತು ಹೇಳ್ತಿದ್ರು. ಆಲೂಗಡ್ಡೆಯ ದೊಡ್ಡ ಉಂಡೆ ತಿಂದ್ರೆ ದೊಡ್ಡ ದುಡ್ಡು, ಮಸೂರ ಬೇಳೆ ತಿಂದ್ರೆ ಚಿಲ್ಲರೆಗೆ ಬರ ಇಲ್ಲ. ಹುಳಿ ಕೋಸು, ಬದುಕು ಹುಳಿಯಾಗ್ದೇ ಇರ್ಲಿ ಅಂತ. ಸಾಸೇಜ್ ಶಕ್ತಿಗೆ, ಬೀಟ್‌ರೂಟ್ ಕೆನ್ನೆ ಕೆಂಪಿಗೆ, ಸೆಲರಿ ಗಡ್ಡೆ ಮಕ್ಕಳಾಗ್ಲಿ ಅಂತ, ಅದನ್ನ ನನ್ನ ತಟ್ಟೆಗೆ ಎರಡು ಸಲ ಹಾಕಿದ್ರು. ಬಾತುಕೋಳಿ ರೋಸ್ಟ್, ಬೇಯಿಸಿದ ಹಣ್ಣು, ಕೊನೇಲಿ ತಣ್ಣನೆ ಹಾಲಲ್ಲಿ ನೆನೆಸಿದ ಬ್ರೆಡ್. ತಟ್ಟೆ ಎತ್ತಿ ನೋಡಿ ಅಂದ್ರು, ಕೆಳಗೆ ಒಂದೊಂದು ನಾಣ್ಯ. ಮೇಜಿನ ಮೇಲೆ ಬ್ರೆಡ್, ಉಪ್ಪು.

ಇದರಲ್ಲಿ ಒಂದು ಕಟ್ಟುನಿಟ್ಟು, ಊಟ ಮುಗಿಯೋ ತನಕ ಯಾರೂ ಏಳಬಾರದು, ಅದಕ್ಕೆ ಎಲ್ಲಾ ಮೊದ್ಲೇ ತಂದಿಟ್ಕೊಂಡಿರ್ತಾರೆ, ಓನರಮ್ಮ ಒಬ್ರೇ ಏಳಬಹುದು. ನನ್ನ ಪುಳಿಯೋಗರೆ ಪಾತ್ರೆ ಅಡುಗೆಮನೇಲೇ ಉಳಿದುಬಿಟ್ಟಿತ್ತು, ಅವರೇ ಎದ್ದು ಹೋಗಿ ತಂದು ಮಧ್ಯದಲ್ಲಿಟ್ಟು, ಇದಕ್ಕೇನು ಅರ್ಥ ಅಂದ್ರು. ನಮ್ಮ ಕಡೆ ದೇವಸ್ಥಾನದಲ್ಲಿ ಪ್ರಸಾದ ಅಂತ ಕೊಡ್ತಾರೆ, ಹುಳಿ, ಬೆಲ್ಲ, ಖಾರ ಮೂರೂ ಇರತ್ತೆ ಅಂತ ಇವರು ಹೇಳಿದ್ರು. ಮಗ ಮೂರು ಸಲ ಹಾಕಿಸ್ಕೊಂಡ, ಯಜಮಾನ್ರು ಖಾರಕ್ಕೆ ಕಣ್ಣೊರೆಸ್ಕೊಂಡ್ರೂ ತಟ್ಟೆ ಖಾಲಿ ಮಾಡಿದ್ರು.

ಆಮೇಲೆ ಮರದ ಗೊಂಬೆಯೊಂದರ ಹೊಟ್ಟೆಯೊಳಗೆ ಧೂಪದ ಶಂಕು ಹಚ್ಚಿಟ್ರು, ಬಾಯಿಂದ ಹೊಗೆ ಬಂತು, ಕೋಣೆ ತುಂಬಾ ಸಾಂಬ್ರಾಣಿ ವಾಸನೆ. ಅಷ್ಟೊತ್ತಿಗೆ ಅಮ್ಮನ ಫೋನು, ಅಲ್ಲಿ ಮಧ್ಯರಾತ್ರಿ ದಾಟಿತ್ತು, ನಿದ್ದೆ ಬರ್ತಿಲ್ಲ ಅಂತ ಮಾಡಿದ್ರು. ವಿಡಿಯೋದಲ್ಲಿ ಕಿಟಕಿ ದೀಪ ತೋರಿಸ್ದೆ. "ನಮ್ಮ ಲೈನ್‌ನಲ್ಲೂ ಮನೆ ಮನೆ ಮುಂದೆ ಸ್ಟಾರ್ ಕಟ್ತಿದ್ರಮ್ಮ, ನಾವು ಹಿಂದೂಗಳೂ ಕಟ್ತಿದ್ವಿ, ನಿಮ್ಮ ತಾತ ನೈಟ್ ಶಿಫ್ಟ್ ಮುಗಿಸಿ ಬರೋವಾಗ ಪಕ್ಕದ ಮನೆಯೋರು ಕೇಕು ಕೈಗಿಡ್ತಿದ್ರು, ಅದನ್ನ ನಮಗೆ ತರ್ತಿದ್ರು" ಅಂದ್ರು. ಅದನ್ನ ಜರ್ಮನ್‌ಗೆ ತಿರುಗಿಸಿ ಹೇಳಿದಾಗ ಓನರಮ್ಮ ಫೋನ್ ಈಸ್ಕೊಂಡು, ಅಮ್ಮಂಗೆ ಜರ್ಮನ್‌ನಲ್ಲೇ ಏನೇನೋ ಹೇಳಿದ್ರು, ಅಮ್ಮ ಕನ್ನಡದಲ್ಲಿ ಹೂಂ ಹೂಂ ಅಂತ ಎಲ್ಲದಕ್ಕೂ ಉತ್ತರ ಕೊಟ್ರು.

25, ಬೆಳಗಿನ ಪೂಜೆ ಮತ್ತು ಉಗಿ ರೈಲು

ಇಲ್ಲಿನ ಹಳ್ಳಿಗಳಲ್ಲಿ 25ರ ಬೆಳಿಗ್ಗೆ ಆರಕ್ಕೇ ಚರ್ಚಲ್ಲಿ ಪೂಜೆ. ಮೈನಸ್ ಒಂಬತ್ತು, ಪೂರ್ವದ ಗಾಳಿ ಬೇರೆ, ಕೈಲಿ ಲಾಟೀನು ಹಿಡಿದು ಜನ ಸಾಲಾಗಿ ನಡೀತಿದ್ರು. ಹಳ್ಳಿ ಚರ್ಚಲ್ಲಿ ಹೀಟಿಂಗ್ ಹೆಸರಿಗಷ್ಟೇ, ಎರಡು ಜೊತೆ ಸಾಕ್ಸ್ ಹಾಕ್ಕೊಂಡು ಹೋಗಿ.

ಹತ್ತು ಗಂಟೆ ಮೇಲೆ ಕ್ರಾನ್ಸಾಲ್ ಸ್ಟೇಷನ್‌ನಿಂದ ಓಬರ್‌ವೀಸೆಂಟಾಲ್‌ಗೆ ಉಗಿ ರೈಲು. 1897ರ ನ್ಯಾರೋ ಗೇಜ್ ಲೈನು, 17 ಕಿಲೋಮೀಟರ್ ಹತ್ತೋಕೆ ಸುಮಾರು ಒಂದು ಗಂಟೆ, ಹಬ್ಬದ ದಿನಾನೂ ಓಡತ್ತೆ. ಗಾಜಿಗೆ ಐಸ್ ಹೂವು ಕಟ್ಟಿತ್ತು, ಇವರು ಉಸಿರು ಊದಿ ಒಂದು ರಂಧ್ರ ಮಾಡಿಕೊಟ್ರು, ಅದರಲ್ಲಿ ಕಾಡು, ಬೆಳ್ಳಗಾದ ಕೊಂಬೆ, ತೊರೆ ಎಲ್ಲಾ ಕಾಣ್ತು. ಹಿಂದಿನ ಸೀಟಲ್ಲಿ ಒಬ್ಬ ಪುಟ್ಟ ಹುಡುಗ ರೈಲು ಕೂಗಿದಾಗೆಲ್ಲ ತಾನೂ ಕೂಗ್ತಿದ್ದ. ಮೇಲೆ 1215 ಮೀಟರ್‌ನ ಫಿಖ್ಟೆಲ್‌ಬೆರ್ಗ್ ಶಿಖರ, ಮಂಜು ಕೆಳಗೇ ಉಳಿದು ನಾವು ಬಿಸಿಲಿಗೆ ಬಂದ್ವಿ. ಎದುರಿನ ಬೆಟ್ಟ ಜೆಕ್ ದೇಶ, ಅದರಾಚೆ ಯಾಖಿಮೊವ್ ಅನ್ನೋ ಇನ್ನೊಂದು ಗಣಿ ಊರು, ಮೇರಿ ಕ್ಯೂರಿ ರೇಡಿಯಂ ತೆಗೆದ ಅದಿರು ಬಂದಿದ್ದು ಅಲ್ಲಿಂದಲೇ. ಬೆಟ್ಟದ ಎರಡೂ ಕಡೆ ಸೇರಿಸಿ 2019ರಲ್ಲಿ ಯುನೆಸ್ಕೋ ಪಟ್ಟಿಗೆ ಹಾಕಿದಾರೆ. ಕೆಜಿಎಫ್‌ನ ಆ ಹಳೇ ಶಾಫ್ಟ್‌ಗಳು, ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ಗುಡ್ಡಗಳು, ಲೈನ್ ಮನೆಗಳನ್ನೂ ಯಾರಾದ್ರೂ ಹೀಗೆ ಕಾಪಾಡ್ಲಿ, ಅಲ್ಲಿ ದುಡಿದೋರು ಇನ್ನೂ ಬದುಕಿದಾರೆ, ಅವರೇ ಗೈಡ್ ಆಗಿ ಹೇಳೋ ಹಾಗಿದೆ, ಇನ್ನು ಹತ್ತಿಪ್ಪತ್ತು ವರ್ಷ ಬಿಟ್ರೆ ಆಗಲ್ಲ. ಅಲ್ಲಿ ನಿಂತು ಇವರ ಜೊತೆ ಇದನ್ನೇ ಮಾತಾಡ್ತಿದ್ದೆ.

26ಕ್ಕೆ ಹೊರಟ್ವಿ. ಕಾರಿಗೆ ಬ್ಯಾಗ್ ಹಾಕುವಾಗ ಓನರಮ್ಮ, ನಮ್ಮಲ್ಲಿ ಕ್ರಿಸ್‌ಮಸ್ ಮುಗಿಯೋದು ಫೆಬ್ರವರಿ 2ಕ್ಕೆ, ಅಲ್ಲಿ ತನಕ ಕಿಟಕಿ ದೀಪ ತೆಗೆಯಲ್ಲ, ರಶ್ ಇರಲ್ಲ, ರೂಮೂ ಅಗ್ಗ ಅಂದ್ರು. ಡಿಸೆಂಬರ್‌ನಲ್ಲಿ ಬರೋಕಾಗ್ದೇ ಇರೋರು ಇದನ್ನ ನೆನಪಿಟ್ಕೊಳ್ಳಿ. ಅಮ್ಮನ ವೀಸಾ ಅಪಾಯಿಂಟ್‌ಮೆಂಟ್ ಮುಂದಿನ ವಾರ ಇದೆ, ಸಿಕ್ಕಿದ್ರೆ ಜನವರಿ ಕೊನೇಲಿ ಕರ್ಕೊಂಡು ಹೋಗ್ತೀವಿ, ಮೊದ್ಲು ಸೇಂಟ್ ಆನ್ ಚರ್ಚ್‌ಗೆ, ಆಲ್ಟರ್ ಹಿಂದಕ್ಕೆ. ಓನರಮ್ಮ ಪುಳಿಯೋಗರೆ ಗೊಜ್ಜು ಹೆಂಗೆ ಮಾಡೋದು ಅಂತ ಅಮ್ಮನ ಹತ್ರಾನೇ ಕೇಳ್ಬೇಕಂತೆ.